ಇಂಟು ಮಾರ್ಕಿನ ಏಟುಗಳು

ಡೇಟನ್, ಓಹಾಯೊ
ಆಗಸ್ಟ್ 23, 2018

ಪ್ರೀತಿಯ ತಮ್ಮ ಹೊರೇಸ್‌ಗೆ ಅಕ್ಕ ವರ್ನೀಟಾ ಮಾಡುವ ಆಶೀರ್ವಾದ.

ಇಲ್ಲಿ ನಾನು ಕ್ಷೇಮ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಮೈ ನೆಟ್ಟಗಿದೆ, ಮುಖ ಮಾತ್ರ ಎತ್ತಲಾಗುತ್ತಿಲ್ಲ. ಪಿಕ್ನಿಕ್ ಆದಾಗಿನಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ. ಪ್ರತಿ ಸಲವೂ ನಾನು ಅದರ ಪಕ್ಕದಲ್ಲೇ ಕೂತಿದ್ದೆ, ಎತ್ತಲಿಲ್ಲ. ತಪ್ಪಾಯಿತು. ಊರಿನ ಆ ತುದಿಯಲ್ಲಿರುವ ತಮ್ಮನಿಗೆ ಈ ತುದಿಯಿಂದ ಅಂಚೆ ಹಾಕುತ್ತಾಳಲ್ಲ, ಅತ್ತೆಗೇನು ಅರಳುಮರುಳೇ ಎಂದು ಟಮೀಕಾ ನಗಬಹುದು. ನಗಲಿ, ನಿನ್ನ ಮಗಳಲ್ಲವೇ. ಬಾಯಲ್ಲಿ ಹೇಳಲಾಗದ್ದಕ್ಕೆ ತಾನೇ ಕಾಗದ ಇರುವುದು.

ಟೊಮೇಟೊ ಈ ವರ್ಷ ಕಿತ್ತಷ್ಟೂ ಮುಗಿಯುತ್ತಿಲ್ಲ. ನಿನ್ನ ಪಾಲು ಬುಟ್ಟಿಯಲ್ಲಿ ಎತ್ತಿಟ್ಟಿದ್ದೇನೆ. ಚರ್ಚಿನ ಹೊಸ ಫ್ಯಾನು ಮತ್ತೆ ಕೆಟ್ಟಿತು. ಇರಲಿ, ಟೊಮೇಟೊ ಹಿಂದೆ ಎಷ್ಟು ಹೊತ್ತು ಅಡಗಿ ಕೂರಲಿ.

ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ನಿನ್ನ ಬೇಸ್ ಗಿಟಾರನ್ನು ನನ್ನ ಮನೆಗೆ ಕಳಿಸಿದೆಯಲ್ಲ, "ಕಣ್ಮುಂದೆ ಇದ್ರೆ ಕರುಳು ಕಿವುಚುತ್ತೆ ಅಕ್ಕಾ, ನೀನಿಟ್ಕೊ" ಎಂದು. ಚಳಿಗಾಲದಲ್ಲಿ ಒಂದು ದಿನ ಪೆಟ್ಟಿಗೆ ತೆರೆದೆ. ಧೂಳು ಒರೆಸೋಣ ಎಂದಷ್ಟೇ ಇತ್ತು. ಒರೆಸುತ್ತಾ ಒಂದು ತಂತಿ ಮೀಟಿದೆ, ಆಮೇಲೆ ಬಿಡಲಾಗಲಿಲ್ಲ. ಲೈಬ್ರರಿಯ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ ನಿನ್ನ ಹಾಡಿನದೇ ಒಂದು ಹಾಳೆ ತೆಗೆದುಕೊಟ್ಟಳು. ಅಮ್ಮನ ಅಡುಗೆಮನೆ ಮೇಜು ಬಡಿದು ಬಡಿದು, ಸೌಟಿನ ಏಟು ತಿಂದು ಕಟ್ಟಿದೆಯಲ್ಲ, ಅದೇ ಹಾಡು. ಹಾಲೆಂಡಿನ ಯಾವನೋ ಹುಡುಗ ನಿಮ್ಮ ಬ್ಯಾಂಡಿನ ಹಳೇ ರೆಕಾರ್ಡು ಕೇಳಿ ಬರೆದಿಟ್ಟಿದ್ದಾನಂತೆ.

ನಿನಗೆ ಇಂಥ ಹಾಳೆ ಗೊತ್ತಿರಲಾರದು, ನೀನು ಓದಿ ಕಲಿತವನಲ್ಲ. ನಾಲ್ಕು ಗೆರೆ, ನಾಲ್ಕು ತಂತಿಗೆ. ಗೆರೆಯ ಮೇಲೆ ಅಂಕಿ, ಗಿಟಾರಿನ ಕತ್ತಿನ ಎಷ್ಟನೇ ಮೆಟ್ಟಿಲಲ್ಲಿ ಬೆರಳಿಡಬೇಕು ಎನ್ನುವುದಕ್ಕೆ. ಕೆಳಗೆ ಒಂದೊಂದು ಅಕ್ಷರ, ಹೆಬ್ಬೆರಳಿನಿಂದ ಬಡಿಯಬೇಕೋ ತೋರುಬೆರಳು ಕೊಕ್ಕೆ ಮಾಡಿ ತಂತಿ ಎಳೆದು ಬಿಡಬೇಕೋ ಎಂದು. ಎಷ್ಟು ಅಚ್ಚುಕಟ್ಟು ಅನ್ನುತ್ತೀ. ಜನ್ಮವೆಲ್ಲ ಮೂರನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳಿಗೆ ಅಂಕಿ ಕಂಡರೆ ಧೈರ್ಯ. ಹೆಬ್ಬೆರಳು ಬೊಬ್ಬೆ ಎದ್ದು ಪಾತ್ರೆ ತೊಳೆಯುವಾಗ ಪ್ರಾಣ ಹೋಗುತ್ತಿತ್ತು, ಆದರೂ ಬಿಡಲಿಲ್ಲ.

ಅಂಕಿಗಳ ನಡುವೆ ಅಲ್ಲಲ್ಲಿ ಇಂಟು ಮಾರ್ಕು ಇದ್ದವು. ಪಾಪ, ಹುಡುಗ ತಪ್ಪು ಬರೆದು ಹೊಡೆದುಹಾಕಿದ್ದಾನೆ ಎಂದುಕೊಂಡೆ. ಮೇಷ್ಟರಮ್ಮನ ತಲೆಗೆ ಇನ್ನೇನು ಹೊಳೆಯುತ್ತದೆ. ಇಂಟು ಮಾರ್ಕು ಬಂದಲ್ಲೆಲ್ಲ ಕೈ ಎತ್ತಿ ಸುಮ್ಮನಿದ್ದು ಮುಂದಕ್ಕೆ ಹೋಗುತ್ತಿದ್ದೆ. ಜೊತೆಗೆ ನಿಮ್ಮ ರೆಕಾರ್ಡು ಹಾಕಿಕೊಳ್ಳುತ್ತಿದ್ದೆ. ನಾನು ಬಿಟ್ಟದ್ದನ್ನೆಲ್ಲ ಅದರೊಳಗೆ ನೀನು ತುಂಬುತ್ತಿದ್ದೆ. ನಾನೇ ನುಡಿಸುತ್ತಿದ್ದೇನೆ ಎಂದು ಉಬ್ಬಿಹೋದೆ.

ಜುಲೈನಲ್ಲಿ ಪರ್ನೆಲ್ ಬಂದ. ನಿಮ್ಮ ಬ್ಯಾಂಡಿಗೆ ಡ್ರಮ್ ಹೊಡೆದು ಹೊಡೆದು ಅವನ ಕಿವಿ ಮಂದವಾಗಿದೆ, ನಾಲಿಗೆ ಮಾತ್ರ ಹಾಗೇ ಇದೆ. ಈ ವರ್ಷದ ಪಾರ್ಕಿನ ಪಿಕ್ನಿಕ್ಕಿಗೆ ನಿನ್ನ ಜಾಗಕ್ಕೆ ಸಿನ್ಸಿನಾಟಿಯಿಂದ ಬೇಸ್ ನುಡಿಸುವವನೊಬ್ಬನನ್ನು ಕರೆಸುತ್ತೇವೆ ಎಂದ. ನನಗೆ ಮೈ ಉರಿಯಿತು.

"ಬೇರೆ ಹಾಡೆಲ್ಲ ಅವನು ನುಡಿಸ್ಲಿ. ನನ್ನ ತಮ್ಮನ ಹಾಡು ನಾನು ನುಡಿಸ್ತೀನಿ," ಎಂದೆ.

"ನೀನಾ? ಚರ್ಚಲ್ಲಿ ಚಪ್ಪಾಳೆ ತಟ್ಟೋಕೇ ತಾಳ ತಪ್ಪೋಳು ನೀನು."

"ಹೊರೇಸೇ ಹೇಳಿಕೊಟ್ಟಿದ್ದಾನೆ ಕಣೋ."

ನಾಲಿಗೆಯ ಮೇಲೆ ಆ ಸುಳ್ಳು ಎಲ್ಲಿಂದ ಬಂದು ಕೂತಿತೋ. ಪರ್ನೆಲ್ ತಕ್ಷಣ ಟೋಪಿ ತೆಗೆದು ಎದೆಗಿಟ್ಟುಕೊಂಡ. "ಹಾಗಾದ್ರೆ ಮಾತೇ ಇಲ್ಲ ಬಿಡು," ಎಂದ. ರಿಹರ್ಸಲ್‌ಗೆ ಕರೆದಾಗ ಸೊಂಟನೋವು ಎಂದು ತಪ್ಪಿಸಿಕೊಂಡೆ.

ಪಿಕ್ನಿಕ್ಕಿನ ದಿನ ಪಾರ್ಕಿನ ತುಂಬಾ ಜನ. ಕರಿದ ಮೀನಿನ ವಾಸನೆ, ಮಡಿಸುವ ಕುರ್ಚಿಗಳು, ಹಳಬರೆಲ್ಲ ಹೊಳೆಯುವ ಬೂಟು ಹಾಕಿಕೊಂಡು ಬಂದಿದ್ದರು. ನಿನ್ನ ಹಾಡಿನ ಹೆಸರು ಹೇಳಿದ ಕೂಡಲೇ ಹೆಂಗಸರು ತಟ್ಟೆ ಕೆಳಗಿಟ್ಟು ಎದ್ದು ನಿಂತರು. ನಾನು ಶುರು ಮಾಡಿದೆ. ಒಂದು ಅಂಕಿಯೂ ತಪ್ಪಲಿಲ್ಲ ಹೊರೇಸ್, ದೇವರಾಣೆ. ಆದರೆ ಕುಣಿಯಲು ಎದ್ದವರು ಕಾಲು ಎಲ್ಲಿ ಇಡುವುದೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರ್ನೆಲ್ ಡ್ರಮ್ಮಿನ ಹಿಂದಿನಿಂದ ಕತ್ತು ಚಾಚಿ ನನ್ನ ಕೈಯನ್ನೇ ನೋಡುತ್ತಿದ್ದ. ಒಬ್ಬೊಬ್ಬರಾಗಿ ಕೂತರು. ಆಗ ಮುಂದಿನ ಸಾಲಿನಲ್ಲಿ ಒಬ್ಬಳು ಮೆಲ್ಲಗೆ, "ಪರವಾಗಿಲ್ಲ ಮಗೂ, ನಿಧಾನ," ಎಂದಳು. ಈಸ್ಟರ್ ದಿನ ಪದ್ಯ ಮರೆತು ನಿಂತ ಪುಟ್ಟ ಮಕ್ಕಳಿಗೆ ನಮ್ಮ ಚರ್ಚಿನಲ್ಲಿ ಹೇಳುತ್ತಾರಲ್ಲ, ಹಾಗೆ. ಅರವತ್ತೆಂಟು ವರ್ಷದ ನನಗೆ. ನೆಲ ಬಾಯಿಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ.

ಮುಗಿದ ಮೇಲೆ ಪರ್ನೆಲ್ ಬಂದ. "ಹೊರೇಸನ ಅರ್ಧ ಹಾಡು ಎಲ್ಲಿ ಬಿಟ್ಟು ಬಂದೆ?" ಎಂದ. ಚೀಲದಿಂದ ಹಾಳೆ ತೆಗೆದು ತೋರಿಸಿದೆ. ಇಂಟು ಮಾರ್ಕಿನ ಮೇಲೆ ಬೆರಳಿಟ್ಟ.

"ಇವನ್ನ ಯಾಕೆ ಬಿಟ್ಟೆ?"

"ತಪ್ಪು ಅಂತ ಹೊಡೆದುಹಾಕಿದ್ದಾನಲ್ಲ."

"ತಪ್ಪಲ್ಲ ಕಣೇ. ತಂತಿ ಮೇಲೆ ಎಡಗೈ ಮೆತ್ತಗೆ ಒರಗಿಸಿ ಬಲಗೈಲಿ ಬಡಿಯೋ ಏಟು. ಸ್ವರ ಇರಲ್ಲ, ಟಕ್ ಅಂತ ಸದ್ದಷ್ಟೆ. ಹೊರೇಸ್ ಅಂದ್ರೇನೇ ಆ ಟಕ್ಕು. ಅವನು ಇದನ್ನ ಹೇಳಿಕೊಡದೆ ಬಿಟ್ನಾ?"

ನಾನು ತಲೆ ತಗ್ಗಿಸಿದೆ. ಅವನಿಗೆ ಅರ್ಥವಾಯಿತು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. "ಕೈ ಬಿದ್ದಿದೆ ಅವನದು, ಬಾಯಿ ಬಿದ್ದಿಲ್ಲ. ಕೇಳಿದ್ರೆ ಬಾಯಲ್ಲೇ ಹಾಡಿ ಹೇಳ್ತಿದ್ದ," ಎಂದು ಗಿಟಾರನ್ನು ತಾನೇ ಪೆಟ್ಟಿಗೆಗೆ ಇಟ್ಟುಕೊಟ್ಟ.

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನ ಪಾಲಿಗೆ ನಿಜವಾಯಿತು. ಹಾಡು ಕಟ್ಟಿದವನು ಇದೇ ಊರಲ್ಲಿ ಕೂತಿರುವಾಗ ಹಾಲೆಂಡಿನ ಹುಡುಗನನ್ನು ನಂಬಿದೆ. ಕೇಳಿದರೆ ನಿನ್ನ ಮನಸ್ಸು ನೋಯುತ್ತದೆ ಎಂದು ಆಗೆಲ್ಲ ನನಗೆ ನಾನೇ ಹೇಳಿಕೊಂಡೆ. ಅಕ್ಕ ತಮ್ಮನ ಮುಂದೆ ಶಿಷ್ಯಳಾಗಿ ಕೂರಬೇಕಲ್ಲ ಎಂಬ ಜಂಬವೂ ಅದರಲ್ಲಿತ್ತು. ಈಗ ನಾಚಿಕೆಯಾಗುತ್ತಿದೆ. ಶನಿವಾರ ಟೊಮೇಟೊ ಬುಟ್ಟಿ ಒಂದು ಕೈಯಲ್ಲಿ, ಬೇಸ್ ಒಂದು ಕೈಯಲ್ಲಿ ಹಿಡಿದು ಬರುತ್ತೇನೆ. ನೀನು ಬಾಯಲ್ಲಿ ಹೇಳು, ನಾನು ಬಡಿಯುತ್ತೇನೆ. ತಪ್ಪಿದರೆ ಅಮ್ಮನ ಹಾಗೆ ಸೌಟಿನಿಂದ ಹೊಡಿ.

ಮಾತ್ರೆ ತಪ್ಪಿಸಬೇಡ. ಟಮೀಕಾಗೆ ನನ್ನ ಮುತ್ತು. ನಿನ್ನ ಕೈಗೆ ಮತ್ತೆ ಜೀವ ಬರಲಿ, ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ವರ್ನೀಟಾ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ನೀನು ಫೋನಿನಲ್ಲಿ ಬಿಟ್ಟ ಮಾತನ್ನು ಕೇಳಿದ್ದೇನೆ. "ಪರ್ನೆಲ್ ಕಾರ್ ಕಳಿಸ್ತೀನಿ ಅಂದಿದ್ದ ಅಕ್ಕಾ, ಬರ್ಲೇ ಇಲ್ಲ. ಎಲ್ಲರೂ ನನ್ನ ಮರೆತುಬಿಟ್ರಾ?" ಪಿಕ್ನಿಕ್ಕಿನ ದಿನ ಒಂದೇ ಕೈಯಲ್ಲಿ ಬೆಳ್ಳಿ ಗುಂಡಿಯ ಕೋಟು ಹಾಕಿಕೊಂಡು, ಟಮೀಕಾ ಆಸ್ಪತ್ರೆಯ ಕೆಲಸ ಮುಗಿಸಿ ಬರುವವರೆಗೂ ಜಗಲಿಯಲ್ಲೇ ಕೂತಿದ್ದೆಯಂತೆ. ಚರ್ಚಿನಲ್ಲಿ ಅವಳೇ ಹೇಳಿದಳು. ಪರ್ನೆಲ್ ಮರೆತಿರಲಿಲ್ಲ ಹೊರೇಸ್. ನಿನಗೆ ಹುಷಾರಿಲ್ಲ, ಕಾರು ಬೇಡ ಎಂದು ಆ ದಿನ ಬೆಳಿಗ್ಗೆ ಅವನಿಗೆ ಹೇಳಿದವಳು ನಾನು. ನೀನು ಬಂದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಇದನ್ನು ಓದಿದ ಮೇಲೂ ಶನಿವಾರ ಬಾ ಅನ್ನುವ ಮನಸ್ಸಿದ್ದರೆ ಫೋನ್ ಮಾಡು. ಈ ಸಲ ಎತ್ತುತ್ತೇನೆ.