ಮಂಜಿನಲ್ಲಿ ಮೂರು ಸಲ

ಜನವರಿ 4
ಬೆಳಿಗ್ಗೆ ಕಿಮ್ಚಿ ಸಾರು. ಎರಡು ಪುಟ ಕವಿತೆ ಓದಿದೆ. "ದೊಗ್ಯೊಂ ಅಮ್ಮಾ, ನನ್ನ ಕನ್ನಡಕ ಎಲ್ಲಿ?" — ಇವರು. ಮಗ ಹುಟ್ಟಿದಂದಿನಿಂದ ನನಗೆ ಅದೇ ಹೆಸರು. ನನ್ನದು ಇವರಿಗೆ ಮರೆತೇ ಹೋಗಿರಬೇಕು.

ಸಂಜೆ ಸೈನ್ಯದಲ್ಲಿರುವ ಮಗ ದೊಗ್ಯೊಂ ಗಡಿ ಠಾಣೆಯಿಂದ ಫೋನ್ ಮಾಡಿದ. ಮೈಶಾಖ ಹಿಡಿದು ಕತ್ತಲಲ್ಲೂ ಮನುಷ್ಯರನ್ನು ತೋರಿಸುವ ಹೊಸ ಕ್ಯಾಮೆರಾ ಬಂದಿದೆಯಂತೆ.

"ಮಂಜು ಕವಿದ್ರೆ ಅದಕ್ಕೆ ಏನೂ ಕಾಣಲ್ಲಮ್ಮ. ಹೊರಗೆ ಹೆಜ್ಜೆ ಸದ್ದು, ಪರದೆ ಮೇಲೆ ಯಾರೂ ಇಲ್ಲ! ಅದಕ್ಕೇ ಗಸ್ತು ಮುಗಿಸಿ ಬಂದವ್ರು ಗೇಟಲ್ಲಿ ತಂತಮ್ಮ ಹೆಸರು ಮೂರು ಸಲ ಕೂಗ್ಬೇಕು."

ಮೂರು ಸಲ ಬೇಡ ಕಣೋ ಎಂದೆ. ನಮ್ಮಲ್ಲಿ ಸತ್ತವರ ಜೀವ ಮರಳಲೆಂದು ಅವರ ಹೆಸರನ್ನು ಹಾಗೆ ಕೂಗುವುದು — ಮನೆಯ ಮಾಡು ಹತ್ತಿ, ಅವರ ಅಂಗಿ ಬೀಸುತ್ತ.

"ಸಾರ್ಜೆಂಟ್‌ಗೆ ಹೇಳ್ತೀನಿ ಬಿಡು, ನಮ್ಮಮ್ಮ ಎರಡಕ್ಕೆ ಮಾತ್ರ ಒಪ್ಪಿದಾಳೆ ಅಂತ."

ಜನವರಿ 5
ಸೇನೆಯ ಖರೀದಿ ವಿಭಾಗದಲ್ಲಿರುವುದು ಇವರೇ. ಊಟಕ್ಕೆ ಕೂತಾಗ ಆ ಕ್ಯಾಮೆರಾ ಬಗ್ಗೆ ಕೇಳಿದೆ.

"ಪರೀಕ್ಷೆ ಪಾಸಾಗಿದೆ."

"ಯಾವಾಗ ಮಾಡಿದ್ರಿ?"

"ಮೇ ತಿಂಗಳು. ಬಯಲಲ್ಲಿ."

"ಮಂಜಲ್ಲಿ?"

"ಮಂಜು ಷರತ್ತಿನಲ್ಲಿ ಇರ್ಲಿಲ್ಲ. ಕಡಿಮೆ ದರ ಹೇಳಿದವ್ರಿಗೇ ಕೊಡ್ಬೇಕು, ನಿಯಮ. ಬದಲಿಸ್ಬೇಕಂದ್ರೆ ಹೊಸ ಟೆಂಡರ್ — ವಸಂತಕ್ಕೆ. ನೀನು ಊಟ ಮಾಡು."

ತಾವು ಮಾತ್ರ ಅನ್ನ ಕೆದಕುತ್ತ ಕೂತರು.

ಜನವರಿ 13
ದೊಗ್ಯೊಂ ದನಿ ಸಣ್ಣಗಿತ್ತು.

"ನಿನ್ನೆ ಗೇಟಿನ ಹೊರಗೆ ಯಾರೋ ನನ್ನ ಹೆಸರು ಕೂಗಿದ್ರಮ್ಮ. ಮೂರು ಸಲ. ನನ್ನದೇ ದನಿ ಅಂತಾರೆ ಎಲ್ಲ. ನಾನು ಒಳಗೆ ನೂಡಲ್ಸ್ ತಿಂತಿದ್ದೆ."

"...ಆಮೇಲೆ?"

"ಮಂಜು ಹರಿದ್ಮೇಲೆ ನೋಡಿದ್ವಿ. ಹಿಮದ ಮೇಲೆ ಒಂದು ಹೆಜ್ಜೆನೂ ಇಲ್ಲ. ಈಗ ಹೊಸ ಆರ್ಡರ್: ದನಿ ನಂಬ್ಬೇಡಿ. ಪರದೆ ಮೇಲೆ ಕಾಣದೆ ಯಾರಿಗೂ ಗೇಟು ತೆಗೀಬೇಡಿ."

"ಮಂಜಲ್ಲಿ ಕಾಣಲ್ವಲ್ಲೋ!"

"ಅದು ಹರಿಯೋವರೆಗೂ ಹೊರಗೇ. ಒಳಗಿನವ್ರು ಹೆದರಿ ಗುಂಡು ಹಾರಿಸ್ದಿದ್ರೆ ಸಾಕು." ನಕ್ಕ. ನಗು ಅವನದೇ ಅಲ್ಲವೇ ಎಂದು ಕಿವಿಗೊಟ್ಟು ಕೇಳಿದೆ.

ಜನವರಿ 14
ಇವರಿಗೆ ಹೇಳಿದೆ. ನಿಯಮ ಎನ್ನಲಿಲ್ಲ. "ಮೇಲಿನವ್ರಿಗೆ ಬರೀತೀನಿ" ಎಂದರು. ಕನ್ನಡಕ ಮೂಗಿನ ಮೇಲೇ ಇತ್ತು, ಹುಡುಕುತ್ತಿದ್ದರು.

ಜನವರಿ 19, ಮಧ್ಯಾಹ್ನ
ಗಡಿಯ ಬೆಟ್ಟಗಳಲ್ಲಿ ನಿನ್ನೆಯಿಂದ ಮಂಜು. ಟಿವಿಯಲ್ಲಿ ಹೇಳಿದರು. ನಿನ್ನೆ ಸಂಜೆ ದೊಗ್ಯೊಂ ಫೋನ್ ಬರಲಿಲ್ಲ. ಕವಿತೆ ಪುಸ್ತಕ ಮಗುಚಿದಲ್ಲೇ ಇದೆ.

ಈಗಷ್ಟೇ ಇವರ ಫೋನ್ ಹೊಡೆದುಕೊಂಡಿತು. ಒಳಕೋಣೆಯಲ್ಲಿ ಮೆಲುದನಿ. ಫೋನ್ ಕೆಳಗಿಟ್ಟ ಸದ್ದು.

"ದೊಗ್ಯೊಂ ಅಮ್ಮಾ."

ಕನ್ನಡಕ ಕೇಳುವ ದನಿಯಲ್ಲ. ತಲೆ ಎತ್ತದೆ ಬರೆಯುತ್ತಿದ್ದೇನೆ.

"ದೊಗ್ಯೊಂ..." — ಅಮ್ಮ ಎನ್ನಲಿಲ್ಲ.

ಎರಡಾಯಿತು. ಮೂರನೆಯದಕ್ಕೆ ಮೊದಲೇ ಓಗೊಡಬೇಕು. ಬಾಯಿ ತೆರೆಯುವಷ್ಟರಲ್ಲಿ —