ಎರಡು ಬುಟ್ಟಿಯ ತೀರ್ಪು

೧೧ ಜನವರಿ ೧೯೫೪, ಸೋಮವಾರ

ಶಾಲೆ ಬಿಟ್ಟಿದ್ದೇ ಓಡಿದೆ. ರಿಹರ್ಸಲ್‌ಗೆ ಇವತ್ತೂ ಲೇಟ್. ಧರ್ಮಪಾಲ ಮಾಷ್ಟ್ರು ಸಿಡುಕಿದರು — “ಏನಮ್ಮ ಕಮಲ, ಆರೋಪಿ ಇಲ್ದೆ ಕೋರ್ಟು ನಡೆಸ್ಲಾ?”

ವಕೀಲರ ಗುಮಾಸ್ತೆ ಅವರು. ನಾಟಕ ಬರೆದವರೂ ಅವರೇ, ಆಡಿಸುವವರೂ ಅವರೇ. ಮೂರು ವರ್ಷದ ಹಿಂದಿನ ಪಾಲಿಬೆಟ್ಟದ ಕೇಸು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕಾಫಿ ಕುಡಿದು ಸತ್ತ. ಕಾಫಿಯಲ್ಲಿ ವಿಷ. ಹೆಂಡತಿ ಯಮುನಳೇ ಹಾಕಿದ್ದೆಂದು ಹಿಡಿದರು, ಕೋರ್ಟು ಬಿಟ್ಟಿತು. ನಾಟಕದಲ್ಲಿ ಅವಳ ಹೆಸರು ಪದ್ಮ. ಪದ್ಮ ನಾನು! ಮೀಸೆ ಬೋಳಿಸಿ ಸೀರೆ ಉಡುವ ಗಂಡಸು ಬೇಡ ಎಂದು ಹಠ ಹಿಡಿದು ಗಿಟ್ಟಿಸಿದ ಪಾರ್ಟು.

ತೀರ್ಪು ಮಾತ್ರ ಜನರದ್ದು. ಟಿಕೆಟ್ ಜತೆ ಒಬ್ಬೊಬ್ಬರಿಗೆ ಒಂದು ಕಾಫಿ ಬೀಜ. ಬಾಗಿಲಲ್ಲಿ ಎರಡು ಬುಟ್ಟಿ — ಒಂದು ಅಪರಾಧಿ, ಒಂದು ನಿರಪರಾಧಿ. ಹೋಗುವಾಗ ಹಾಕಿ ಹೋಗಬೇಕು. ಎಂಥ ತಲೆ ಮಾಷ್ಟ್ರದ್ದು!

೧೪ ಜನವರಿ

ನಿಜವಾದ ಯಮುನ ಇಲ್ಲೇ ಮಡಿಕೇರಿಯಲ್ಲಿ, ಮಾರ್ಕೆಟ್ ಹಿಂದಿನ ಬಾಡಿಗೆ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಬಟ್ಟೆ ಎಲ್ಲರೂ ಕೊಡುತ್ತಾರೆ. ಆ ಮನೆಯಲ್ಲಿ ಒಂದು ತೊಟ್ಟು ನೀರು ಕುಡಿದವರಿಲ್ಲ. ನಾಟಕದ ರವಿಕೆ ಅಲ್ಲೇ ಕೊಟ್ಟೆ. ನೆಪ ಅಷ್ಟೆ. ಹೇಗೆ ನಿಲ್ಲುತ್ತಾಳೆ, ಹೇಗೆ ನೋಡುತ್ತಾಳೆ — ಕಣ್ಣಾರೆ ನೋಡಬೇಕಿತ್ತು.

“ಮದ್ವೆಗಾ ಟೀಚರ್?”

“ಅಲ್ಲ ಅಕ್ಕ, ನಾಟಕಕ್ಕೆ.”

“ಯಾವ ನಾಟಕ?”

“ಅದೇ... ಸಾಮಾಜಿಕ.”

ಕಳ್ಳಿ ನಾನು.

೨೪ ಜನವರಿ, ಭಾನುವಾರ ಬೆಳಿಗ್ಗೆ

ನಿನ್ನೆ ರಾತ್ರಿ ಹೌಸ್‌ಫುಲ್! ಗಂಟಲು ಕಟ್ಟಿದೆ, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಕಟಕಟೆಯ ಸೀನಿನಲ್ಲಿ ನಾನು ಅತ್ತೆ ನೋಡು — ಮುಂದಿನ ಸಾಲಿನ ಹೆಂಗಸರೆಲ್ಲ ಸೆರಗು ಕಣ್ಣಿಗೆ! ಆಮೇಲೆ ಬುಟ್ಟಿ ಎಣಿಸಿದರು. ಅಪರಾಧಿ ೨೧೨, ನಿರಪರಾಧಿ ೯೪.

ದಿನಸಿ ಅಂಗಡಿ ಕೆಂಪಣ್ಣ ಹಲ್ಲು ಕಿರಿದ — “ಅಷ್ಟು ಚೆಂದಾಗಿ ಅಳೋಳು ಮಾಡೇ ಇರ್ತಾಳೆ ಬುಡಿ ಟೀಚರಮ್ಮ!” ನಾನೂ ನಕ್ಕೆ.

ಇದಕ್ಕಿಂತ ದೊಡ್ಡದು — ಮೈಸೂರು ರೇಡಿಯೊದ ಆಫೀಸರೊಬ್ಬರು ಯಾರದೋ ಮದುವೆಗೆ ಬಂದವರು ನಾಟಕ ನೋಡಿದರಂತೆ. ಫೆಬ್ರವರಿ ೨೦ಕ್ಕೆ ಇದೇ ತಂಡದಿಂದ ರೇಡಿಯೊದಲ್ಲಿ! ಅಯ್ಯೋ ದೇವರೇ, ನನ್ನ ದನಿ ಗಾಳಿಯಲ್ಲಿ!

೨೭ ಜನವರಿ

ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ಯಮುನಕ್ಕ.

“ನಾನು ಹೊಲಿದ ರವಿಕೆ ಹಾಕ್ಕೊಂಡೇ ನನ್ನ ಕೊಲೆಗಾತಿ ಮಾಡಿದ್ರಾ ಟೀಚರ್?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಟಕ ಆದ ಮೇಲೆ ಒಂದು ಬಟ್ಟೆಯೂ ಬಂದಿಲ್ಲವಂತೆ. ತಿಂಗಳ ಕೊನೆಗೆ ಕೋಣೆ ಬಿಡು ಎಂದು ಮನೆ ಮಾಲೀಕರು ಹೇಳಿದ್ದಾರಂತೆ. ಹೋಗಲು ಬೇರೆ ಜಾಗವಿಲ್ಲ. ಕೈಕಾಲು ಹಿಡಿದು ಫೆಬ್ರವರಿ ಮುಗಿಯುವವರೆಗೆ ಗಡುವು ಕೇಳಿಕೊಂಡಿದ್ದಾಳೆ.

“ಆ ಕಾಫಿ ನಾನೂ ಕುಡ್ದಿದ್ದೆ. ಹತ್ತು ದಿನ ಆಸ್ಪತ್ರೇಲಿ ಬಿದ್ದಿದ್ದೆ. ಡಾಕ್ಟ್ರು ಬಂದು ಕೋರ್ಟಲ್ಲಿ ಹೇಳಿದ್ರು, ಅದಕ್ಕೇ ಬಿಟ್ಟಿದ್ದು. ನಿಮ್ಮ ನಾಟಕದಲ್ಲಿ ಅದೆಲ್ಲಿ ಹೋಯ್ತು?”

ನನಗೆ ಗೊತ್ತೇ ಇರಲಿಲ್ಲ. ಸೀದಾ ಮಾಷ್ಟ್ರ ಹತ್ತಿರ ಹೋದೆ. ಅವರಿಗೆ ಗೊತ್ತಿತ್ತು!

“ಫೈಲಲ್ಲಿದೆ ಮಾರಾಯ್ತಿ. ಅದನ್ನ ಹಾಕಿದ್ರೆ ಬೀಜ ಎಲ್ಲ ಒಂದೇ ಬುಟ್ಟಿಗೆ. ಮತ್ತೆ ನಾಟಕ ಎಲ್ಲಿ ಉಳೀತು?”

“ರೇಡಿಯೊಗಾದ್ರೂ ಸೇರಿಸಿ.”

“ಅಷ್ಟು ಹೊಟ್ಟೆ ಉರಿದ್ರೆ ಪಾರ್ಟು ಬಿಡು. ನನ್ನ ತಂಗಿ ಮಗಳಿದ್ದಾಳೆ.”

ಬಾಯಿ ಮುಚ್ಚಿಕೊಂಡು ಬಂದೆ. ನಾಚಿಕೆಯಾಗುತ್ತದೆ. ಆದರೂ ಪಾರ್ಟು ಬಿಡಲಾರೆ. ಬಿಡಲಾರೆ!

೧೯ ಫೆಬ್ರವರಿ

ನಾಳೆ ಮೈಸೂರು. ಅವ್ವನೂ ಬರುತ್ತಾಳೆ — “ಗಂಡಸ್ರ ಜೊತೆ ಒಬ್ಳೇ ಹೋಕೆ ಆಕಿಲ್ಲೆ.” ಬರಲಿ. ಮೂರು ವಾರದಿಂದ ಮಾರ್ಕೆಟ್ ಬೀದಿ ಬಿಟ್ಟು ಸುತ್ತು ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದೇನೆ. ಇದೊಂದು ಮುಗಿಯಲಿ...

೨೧ ಫೆಬ್ರವರಿ, ಹುಣಸೂರು ಬಸ್ ಸ್ಟ್ಯಾಂಡ್

ಹೇಳಿಬಿಟ್ಟೆ! ಹೇಳಿಯೇಬಿಟ್ಟೆ!

ನಿನ್ನೆ ಸ್ಟುಡಿಯೊದಲ್ಲಿ ಕೆಂಪು ದೀಪ ಹತ್ತಿತು — ಇನ್ನು ಆಡಿದ್ದೆಲ್ಲ ಆ ಕ್ಷಣವೇ ರೇಡಿಯೊದಲ್ಲಿ. ಎಲ್ಲ ಸರಿಯಾಗಿ ಹೋಗುತ್ತಿತ್ತು. ಜಡ್ಜ್ ಪಾರ್ಟಿನ ಬೊಳ್ಳಪ್ಪಣ್ಣ ಕೇಳಿದರು — “ನೀನು ಹೇಳುವುದೇನಾದರೂ ಇದೆಯೆ?” ನಾನಲ್ಲಿ ಅಳಬೇಕು. ಅಳು ಬರಲಿಲ್ಲ. “ಸ್ವಾಮಿ, ಆ ಕಾಫಿಯನ್ನು ನಾನೂ ಕುಡಿದೆ” ಎಂದೆ. ಮಾಷ್ಟ್ರ ಕಣ್ಣು ಗುಡ್ಡೆ ಹೊರಗೆ! ಕೈ ಆಡಿಸುತ್ತಾರೆ, ಬಾಯಿ ತೆರೆಯುವಂತಿಲ್ಲ — ಮೈಕ್ ಎದುರಿಗೇ ಇದೆ. ಬೊಳ್ಳಪ್ಪಣ್ಣ ಅರೆಗಳಿಗೆ ನನ್ನ ನೋಡಿ, ಅದೇ ಗಂಭೀರ ದನಿಯಲ್ಲಿ, “ವೈದ್ಯರ ಹೇಳಿಕೆ ಇದೆಯೆ?” ಅವರ ಬಾಯಿಗೆ ಸಕ್ಕರೆ ಹಾಕಬೇಕು! “ಇದೆ ಸ್ವಾಮಿ, ಹತ್ತು ದಿನ ಆಸ್ಪತ್ರೆಯಲ್ಲಿದ್ದೆ.”

ಬರೆದಿಲ್ಲದ್ದು ಹೇಳುವವರನ್ನು ಮತ್ತೆ ಕರೆಯುವುದಿಲ್ಲ ಎಂದರು ಆಫೀಸರು. ನ್ಯಾಯವೇ. ಸ್ವಲ್ಪ ಅತ್ತೆ ಕೂಡ. ಮಾಷ್ಟ್ರು ಮುಂದಿನ ಸೀಟಿನಲ್ಲಿ, ಮುಖ ಊದಿಸಿಕೊಂಡು. ಊದಲಿ!

೨೨ ಫೆಬ್ರವರಿ, ಸೋಮವಾರ

ಶನಿವಾರ ಪಾರ್ಕಿನ ಸಾರ್ವಜನಿಕ ರೇಡಿಯೊ ಮುಂದೆ ಊರಿಗೆ ಊರೇ ಇತ್ತಂತೆ. ಕೆಂಪಣ್ಣ ಅಂಗಡಿಯಿಂದಲೇ ಕೂಗಿದ — “ನನ್ ಬೀಜ ತೆಪ್ಪು ಬುಟ್ಟಿಗ್ ಬಿತ್ತಲ್ಲ ಟೀಚರಮ್ಮ!”

ಸಂಜೆ ಹಾರಿಕೊಂಡು ಯಮುನಕ್ಕನ ಮನೆಗೆ. ಬಾಗಿಲಲ್ಲೇ ಕೈ ಹಿಡಿದಳು. “ಬಾ ಕಮಲ, ಬಾ!” ಟೀಚರ್ ಅಲ್ಲ, ಕಮಲ! ಪಾರ್ಕಿನ ಬೇಲಿ ಆಚೆ ನಿಂತು ಕೇಳಿದಳಂತೆ. ಬೆಳಿಗ್ಗೆಯೇ ಮೂರು ರವಿಕೆ ಬಂದಿವೆ. ಕೋಣೆ ಬಿಡುವುದು ಬೇಡ ಎಂದರಂತೆ ಮನೆ ಮಾಲೀಕರು. ನಗುತ್ತಾಳೆ, ಕಣ್ಣು ಒರೆಸುತ್ತಾಳೆ, ಮತ್ತೆ ನಗುತ್ತಾಳೆ. ಚಾಪೆ ಹಾಸಿ ಕೂರಿಸಿ ಒಳಗೆ ಹೋದಳು.

ಎರಡು ಲೋಟ ಕಾಫಿ ತಂದಳು.

ನಾನು ಮಾತಾಡುತ್ತಿದ್ದೆ. ಕೆಂಪು ದೀಪ, ಮಾಷ್ಟ್ರ ಕಣ್ಣು, ಬೊಳ್ಳಪ್ಪಣ್ಣ... “ಆರುತ್ತೆ” ಎಂದಳು. ಹೂಂ ಎಂದು ಮತ್ತೆ ಮಾತಾಡಿದೆ. ಅವ್ವನ ಕತೆ, ಬಸ್ಸಿನ ಕತೆ. ಕೈ ಮುಂದೆ ಹೋಗಲಿಲ್ಲ. ಈ ಕೈ! ಇಡೀ ರಾಜ್ಯಕ್ಕೆ ಕೇಳುವ ಹಾಗೆ ಹೇಳಿ ಬಂದವಳು ನಾನು!

ಯಮುನಕ್ಕ ನನ್ನ ಕೈ ನೋಡಿದಳು. ನಗು ನಿಂತಿತು. ನನ್ನ ಲೋಟ ತೆಗೆದುಕೊಂಡು, ಎಂಜಲಾಗದ ಹಾಗೆ ಎತ್ತಿ ಒಂದು ಗುಟುಕು ಕುಡಿದು, ನನ್ನ ಮುಂದೆ ಇಟ್ಟಳು.

“ಈಗ ಕುಡೀರಿ, ಟೀಚರ್.”

ಕುಡಿದೆ. ಚೆನ್ನಾಗಿತ್ತು. ಅದನ್ನು ಹೇಳೋಣ ಎಂದು ತಲೆ ಎತ್ತಿದರೆ, ಯಮುನಕ್ಕ ಆಗಲೇ ನನಗೆ ಬೆನ್ನು ಹಾಕಿ, ಬೆಳಿಗ್ಗೆ ಬಂದ ರವಿಕೆ ಹೊಲಿಯಲು ಕೂತಿದ್ದಳು.