ಒಂಬತ್ತು ಪಾದದ ಅಳತೆ

॥ ಶ್ರೀ ಗುರುಬಸವಲಿಂಗಾಯ ನಮಃ ॥

ಮಡಿಕೇರಿ
ತಾ. ೨೩ ಮಾರ್ಚ್ ೧೯೨೭

ಚಿ. ಸೌ. ಗುರುಸಿದ್ದಮ್ಮನಿಗೆ ನಿನ್ನ ಅಕ್ಕ ಮಹಾದೇವಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟೆ, ಲೇಖನಿ ತಡೆಯಿತು. ನಾವೆಲ್ಲ ಇದ್ದೇವೆ. ಈ ವರ್ಷ ಸರ್ಕಾರಿ ವಕೀಲರ ಮನೆಯಿಂದ ಇಷ್ಟು ಸುದ್ದಿ ಬಂದರೆ ಸಾಕು.

ಈ ಕಾಗದವನ್ನು ಟಪಾಲಿಗೆ ಹಾಕದೆ ನಮ್ಮ ಮನೆಗೆಲಸದ ಮುದ್ದಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳ ಗಂಡ ಬೀರನೂ ಜೊತೆಗೆ ಬಂದಿದ್ದಾನೆ. ದಣಿದು ಬಂದಿರುತ್ತಾರೆ, ಮೊದಲು ಅವರಿಗೆ ಊಟ ಹಾಕು. ಆಮೇಲೆ ಎಂದಿನಂತೆ ನಿನ್ನ ಯಜಮಾನರು ಸಿದ್ದಣ್ಣನವರು ಕಾಫಿ ಮಂಡಿಯಿಂದ ಬಂದು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಲಿ, ನೀನು ಕಂಬಕ್ಕೆ ಒರಗಿ ಕೇಳು. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವ ಕೆಲಸ ನಿನ್ನದಾಗಿತ್ತಲ್ಲ, ಹಾಗೆಯೇ ಹೂಂಗುಟ್ಟುತ್ತಿರು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ ಎಂದು ಅಜ್ಜಿ ಹೆದರಿಸುತ್ತಿದ್ದರು. ನನಗೆ ಅಕ್ಷರ ಕಲಿಸಿದ್ದು ಮದುವೆಯಾದ ಮೇಲೆ ನಿನ್ನ ಭಾವ. ನಿನಗೆ ಆ ಭಾಗ್ಯ ಬರಲಿಲ್ಲ. ಅದಕ್ಕೇ ಪ್ರತಿ ಕಾಗದದ ಕೊನೆಗೂ ಅರಿಸಿನದ ಹೆಬ್ಬೆಟ್ಟು ಒತ್ತುತ್ತೇನೆ. ಅದು ಬಂತೆಂದರೆ ಅಕ್ಕನ ಮಾತು ಮುಗಿಯಿತು ಎಂದು ನಿನಗೆ ಗೊತ್ತು. ಈ ಸಲವೂ ಒತ್ತಿದ್ದೇನೆ.

ಬೊಳ್ಳಪ್ಪನ ಕೇಸಿನ ಸಂಗತಿ ನಿನಗೆ ತುಂಡು ತುಂಡಾಗಿ ಬರೆದಿದ್ದೆ. ಈಗ ಮೊದಲಿಂದ ಹೇಳುತ್ತೇನೆ. ಒಳ್ಳೆಯ ಕಥೆ ಎರಡು ಸಲ ಕೇಳಿದರೆ ಹಳಸುವುದಿಲ್ಲ.

ಬೊಳ್ಳಪ್ಪ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಯಾವ ತೋಟದಿಂದ ಎಷ್ಟು ಗಾಡಿ ಯಾವ ಹೊತ್ತಿಗೆ ಹೊರಡುತ್ತದೆ ಎಂಬುದು ಅವನಿಗೆ ಬಾಯಿಪಾಠ. ಕೆಲಸ ಹೋದ ಮೇಲೆ ಆ ವಿದ್ಯೆಯನ್ನು ಕುಟ್ಟದ ದಾರಿಯಲ್ಲಿ ಬಳಸಿದ. ಅವನೂ ಅವನ ಗುಂಪಿನವರೂ ಎರಡು ವರ್ಷ ಕಾಫಿ ಗಾಡಿಗಳನ್ನು ಅಡ್ಡಹಾಕಿ ದೋಚಿದರು. ಹೋದ ವರ್ಷ ಒಬ್ಬ ಗಾಡಿಯವನನ್ನು ಕಡಿದು ಹಾಕಿದರು. ಬೊಳ್ಳಪ್ಪ ಸಿಕ್ಕಿಬಿದ್ದು ಜೈಲು ಸೇರಿದ, ಪೀಡೆ ಕಳೆಯಿತು ಎಂದುಕೊಂಡೆವು. ಅವನು ಅಲ್ಲಿಂದಲೇ ಸೂತ್ರ ಹಿಡಿದು ಹೊರಗಿನವರನ್ನು ಕುಣಿಸತೊಡಗಿದ. ಮೊದಲು ಈ ಕೇಸು ಹಿಡಿದಿದ್ದ ವಕೀಲರಿಗೆ ಕೋರ್ಟಿನ ಮೆಟ್ಟಿಲ ಮೇಲೆಯೇ ಕತ್ತಿ ಬೀಸಿದರು. ಅವರ ಬಲಗೈ ಈಗ ಎಲೆಯಿಂದ ಬಾಯಿಗೆ ತುತ್ತು ಎತ್ತುವುದಿಲ್ಲ. ಅವರು ಊರು ಬಿಟ್ಟ ಮೇಲೆ ಕಾಗದಪತ್ರದ ಕಟ್ಟು ನಮ್ಮ ಮನೆಗೆ ಬಂತು. ಬೇಡ ಎನ್ನಿ ಎಂದು ನಾನು ನಿನ್ನ ಭಾವನ ಕಾಲು ಹಿಡಿದೆ. "ಆಯ್ತು, ನಾನು ಬೇಡ ಅಂತೀನಿ. ನನ್ ಹಿಂದೆ ಬರೋನೂ ಬೇಡ ಅಂತಾನೆ. ಆಮೇಲೆ ಕೊಡಗಿಗೆ ಬೊಳ್ಳಪ್ಪನೇ ಕಮಿಷನರು" ಎಂದು ಹೇಳಿ ಕಟ್ಟು ಬಿಚ್ಚಿದರು.

ಆ ಕೇಸಿಗೆ ಇದ್ದದ್ದು ಒಂದೇ ಕಂಬ: ಅಂದು ಬದುಕಿ ಉಳಿದ ಗಾಡಿಯವನು ಚೋಮ. ಅವನು ಬೊಳ್ಳಪ್ಪನ ಮುಖ ನೋಡಿದ್ದಾನೆ. ಅವನು ಬಾಯಿ ಬಿಟ್ಟರೆ ಕೇಸು ನಿಲ್ಲುತ್ತದೆ, ಬಿಡದಿದ್ದರೆ ಬಿದ್ದುಹೋಗುತ್ತದೆ. ಅವನನ್ನು ಪಾಲಿಬೆಟ್ಟದ ಒಂದು ತೋಟದ ಲೈನ್ ಮನೆಗಳಲ್ಲಿ ಕೂಲಿಗಳ ನಡುವೆ ಅಡಗಿಸಿಟ್ಟಿದ್ದರು. ನಿನಗೆ ಬರೆದಿದ್ದೆನಲ್ಲ, "ಪಾಪ, ಪಾಲಿಬೆಟ್ಟದಲ್ಲಿ ಸುಳ್ಳು ಹೆಸರಿಟ್ಟುಕೊಂಡು ಕಾಫಿ ಕೊಯ್ಯುತ್ತಿದ್ದಾನೆ" ಎಂದು. ಅದಾದ ಐದನೆಯ ದಿನ ಆ ಲೈನಿಗೆ ಬೆಂಕಿ ಬಿತ್ತು. ಚೋಮನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಅವನ ಪುಣ್ಯ, ಸಂಜೆಯೇ ಎದ್ದು ಹೆಂಡದಂಗಡಿಗೆ ಹೋಗಿದ್ದ. "ಕುಡೀಬೇಡ ಕುಡೀಬೇಡ ಅಂತಿದ್ರಲ್ಲ ಬುದ್ಧಿ, ಕುಡೀದೆ ಇದ್ದಿದ್ರೆ ಬೆಂದ್ಹೋಗ್ತಿದ್ದೆ" ಎಂದು ನಿನ್ನ ಭಾವನಿಗೇ ಬುದ್ಧಿ ಹೇಳಿದನಂತೆ.

ನಾವು ನಕ್ಕೆವು. ಆದರೆ ಆ ದಿನದಿಂದ ನನ್ನ ಕಣ್ಣು ಮನೆಯವರ ಮೇಲೆಯೇ ತಿರುಗಿತು. ಚೋಮ ಇದ್ದ ಜಾಗ ಗೊತ್ತಿದ್ದವರು ನಾಲ್ಕೈದು ಜನ. ಅದು ಹೊರಗೆ ಹೋಗಿದ್ದಾದರೂ ಹೇಗೆ? ಹಾಲಿನವನು ಜಗಲಿಯಲ್ಲಿ ಒಂದು ಗಳಿಗೆ ಹೆಚ್ಚು ನಿಂತರೆ ನನಗೆ ಅನುಮಾನ. ನಿನ್ನ ಭಾವನ ಗುಮಾಸ್ತ ಕೆಮ್ಮಿದರೆ ಅನುಮಾನ. ಒಂದು ದಿನ ಮುದ್ದಿ ಮನೆಗೆ ಹೊರಟಾಗ ಬುಟ್ಟಿ ಇಳಿಸು ಎಂದೆ. ಅದರಲ್ಲಿ ಎರಡು ಕಿತ್ತಳೆ, ನಾನೇ ಕೊಟ್ಟದ್ದು. ಹನ್ನೊಂದು ವರ್ಷದಿಂದ ನನ್ನ ಮನೆಯ ಬೂದಿ ಬಳಿದವಳು. ಅವಳು ಬುಟ್ಟಿಯನ್ನು ನನ್ನ ಕಾಲ ಬಳಿ ಬೋರಲು ಹಾಕಿ, "ಅಮ್ಮಾವ್ರೆ, ಸೆರಗನ್ನೂ ಕೊಡವ್ಲಾ? ಮನಸ್ಸಲ್ಲಿ ಇರೋದು ಮಾತ್ರ ಕೊಡವಿ ತೋರ್ಸಕ್ಕಾಗಲ್ಲ" ಎಂದಳು. ನಾನು ತಲೆ ತಗ್ಗಿಸಿದೆ. ಆದರೂ ಅನುಮಾನ ಹೋಗಲಿಲ್ಲ ನೋಡು. ಅದು ಮನೆಯೊಳಗೆ ಹೊಕ್ಕ ಹೊಗೆಯಂತೆ, ಕಿಟಕಿ ತೆರೆದರೂ ಬಟ್ಟೆಯಲ್ಲಿ ಉಳಿಯುತ್ತದೆ.

ಶಿವರಾತ್ರಿಗೆ ಮುಂಚಿನ ವಾರ ಚಾಪೆ ಬಂತು. ಇಲ್ಲಿ ಜೈಲಿನ ತೋಟದಲ್ಲಿ ಕೈದಿಗಳು ಬೆಳೆದ ತರಕಾರಿ ಅಧಿಕಾರಿಗಳ ಮನೆಗೆ ಬರುತ್ತದೆ. ಆ ದಿನ ಕೋಸಿನ ಬುಟ್ಟಿಯ ಜೊತೆ ಒಂದು ಹೊಸ ಚಾಪೆಯೂ ಬಂತು. ನಾವು ಕೇಳಿರಲಿಲ್ಲ. ಬಿಚ್ಚಿ ಹಾಸಿದರೆ ಸರಿಯಾಗಿ ಒಂದಾಳುದ್ದ, ಸುತ್ತಿ ಕಟ್ಟಲು ಮೂರು ಕಡೆ ಹುರಿ. ಹೆಣ ಸುತ್ತುವ ಚಾಪೆ ಎಂದು ತಿಳಿದೊಡನೆ ಒಳಗೆ ಕೂಗಿ ಕರೆದೆ. ನಿನ್ನ ಭಾವ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎರಡು ವರ್ಷ ದರೋಡೆ ಮಾಡಿದೋನಿಗೆ ಇಷ್ಟೂ ಗೊತ್ತಿಲ್ವಲ್ಲೇ. ನಮ್ಮೋರ್ನ ಮಲಗ್ಸಿ ಹೂಳ್ತಾರಾ? ಕೂರ್ಸಿ ಹೂಳೋದು. ಗುಂಡಿ ಉದ್ದ ಒಂಬತ್ತು ಪಾದ, ಅಗಲ ಐದು, ಅದೂ ಸತ್ತೋನ ಪಾದದಲ್ಲೇ ಅಳೀಬೇಕು. ಚಾಪೆ ನೇಯೋ ಬದ್ಲು ಬಂದು ನನ್ ಪಾದ ಅಳ್ಕೊಂಡು ಹೋಗಿದ್ರೆ ಆಗ್ತಿತ್ತು."

ನಾನು ಆ ಚಾಪೆಯ ಮೇಲೆ ಸಂಡಿಗೆ ಒಣಹಾಕಿದೆ. ಆ ನಗೆಯನ್ನೆಲ್ಲ ನಿನಗೆ ಬರೆದು ಕಳಿಸಿದೆ. ಓದಿಸಿಕೊಂಡು ನಕ್ಕು ಹೊಟ್ಟೆ ನೋವು ಬಂತು ಎಂದು ನೀನು ಉತ್ತರ ಬರೆಸಿದ್ದೆ. ನಗೆಯ ಆ ಕಾಗದದಲ್ಲೇ ನಾನು, ಮುಂದಿನ ಶನಿವಾರ ಭಾನುವಾರ ನಾವು ವಿರಾಜಪೇಟೆಗೆ ಹೋಗುತ್ತೇವೆ, ಮನೆಗೆ ಬೀಗ, ಮುದ್ದಿಗೂ ರಜೆ ಎಂದೂ ಬರೆದಿದ್ದೆ.

ವಿರಾಜಪೇಟೆಯಿಂದ ಬಂದು ಹಿತ್ತಿಲಿಗೆ ಹೋದೆ. ಕಿತ್ತಳೆ ಗಿಡಗಳ ಹಿಂದೆ ಹೊಸ ಮಣ್ಣಿನ ರಾಶಿ. ಪಕ್ಕದಲ್ಲಿ ಗುಂಡಿ. ಇಳಿಯಲು ಮೂರು ಮೆಟ್ಟಿಲು, ಒಳಗೆ ಒಬ್ಬರು ಕಾಲು ಮಡಚಿ ಕೂರುವಷ್ಟು ಗೂಡು. ಅಪ್ಪನನ್ನು ಕೂರಿಸಿದ್ದೆವಲ್ಲ, ಥೇಟು ಹಾಗೆಯೇ. ಅಂಚಿನ ಮೇಲೆ ಒಂದು ವಿಭೂತಿ ಗಟ್ಟಿ.

ನಿನ್ನ ಭಾವ ಹಿಂದೆಯೇ ಬಂದು ನೋಡಿದರು. ಬೂಟು ಕಳಚಿ, ಬರಿಗಾಲಲ್ಲಿ, ಹಿಮ್ಮಡಿಗೆ ಬೆರಳು ತಾಗಿಸುತ್ತಾ ಅಂಚಿನುದ್ದಕ್ಕೂ ನಡೆದರು. ಒಂಬತ್ತು. ತಿರುಗಿ ಅಡ್ಡಕ್ಕೆ ನಡೆದರು. ಐದು. "ಒಂದು ಬೆರಳು ಹೆಚ್ಚಿಲ್ಲ, ಕಮ್ಮಿ ಇಲ್ಲ ಕಣೆ" ಎಂದರು. ಅವತ್ತು ನಗಲಿಲ್ಲ. ಅವರ ಪಾದ ಹೆಣ್ಣುಮಕ್ಕಳ ಪಾದದಂತೆ ಗಿಡ್ಡ ಎಂದು ನಮ್ಮ ಮದುವೆಯಲ್ಲಿ ನೀನೇ ಹಾಸ್ಯ ಮಾಡಿದ್ದೆ. ಕಣ್ಣಂದಾಜಿನಲ್ಲಿ ಅಗೆದಿದ್ದರೆ ಗುಂಡಿ ದೊಡ್ಡದಾಗಬೇಕಿತ್ತು.

ಜೈಲಿನ ಹೆಡ್ ವಾರ್ಡರನದೇ ಕೈವಾಡ ಎಂದು ಎಲ್ಲರೂ ಹೇಳುತ್ತಿದ್ದಾರೆ. ಅವನೂ ನಮ್ಮವನೇ, ಲಿಂಗ ಕಟ್ಟಿದವನು, ನಮ್ಮ ಪದ್ಧತಿ ಬಲ್ಲವನು. ನಾನೂ ಹೂಂ ಎಂದಿದ್ದೇನೆ.

ಈಗ ಸಂತೋಷದ ಸುದ್ದಿ. ನಿನ್ನೆ ಮಂಗಳವಾರ ಚೋಮ ಸೆಷನ್ಸ್ ಕೋರ್ಟಿನಲ್ಲಿ ನಿಂತು ಬೊಳ್ಳಪ್ಪನ ಕಡೆಗೆ ಬೆರಳು ತೋರಿಸಿದ. ಮಾತು ಒಂದು ಕಡೆಯೂ ತಡವರಿಸಲಿಲ್ಲವಂತೆ. ನಿನ್ನ ಭಾವ ಮನೆಗೆ ಬಂದವರು ಅಂಗಿ ಬಿಚ್ಚದೆ ಎರಡು ಗಂಟೆ ನಿದ್ದೆ ಮಾಡಿದರು. ಒಂದು ತಿಂಗಳ ಮೇಲೆ ಅವರ ಗೊರಕೆ ಕೇಳಿದೆ.

ನಿನ್ನಿಂದ ಒಂದು ಸಣ್ಣ ಕೆಲಸ ಆಗಬೇಕು. ಮಗುವಿನ ನಾಮಕರಣಕ್ಕೆ ಬಂದಾಗ ನಿನ್ನ ಭಾವನ ಹಳೆಯ ಚಪ್ಪಲಿ ನಿಮ್ಮಲ್ಲೇ ಉಳಿಯಿತು. ಬಾಗಿಲ ಹಿಂದೆ ಜೋಪಾನವಾಗಿಟ್ಟಿದ್ದೇನೆ ಎಂದು ನೀನು ಬರೆಸಿದ್ದೆ. ಅದನ್ನು ಮುದ್ದಿಯ ಕೈಯಲ್ಲಿ ಕಳಿಸು.

ಮಗುವಿಗೆ ನನ್ನ ಮುತ್ತು. ಸಿದ್ದಣ್ಣನವರಿಗೆ ನಮ್ಮಿಬ್ಬರ ಶರಣಾರ್ಥಿ.

ನಿನ್ನ ಜೀವಕ್ಕೆ ಜೀವವಾದ ಅಕ್ಕ,
ಮಹಾದೇವಮ್ಮ

ತಾ. ಕ.: ಸಿದ್ದಣ್ಣನವರೇ, ಇನ್ನು ಮುಂದಿನದು ನಿಮಗೆ. ಇದನ್ನೂ ಗಟ್ಟಿಯಾಗಿಯೇ ಓದಬೇಕು.

ಪಾಲಿಬೆಟ್ಟದ ಹೆಸರನ್ನು ನಾನು ನನ್ನ ತಂಗಿಗಲ್ಲದೆ ಯಾರಿಗೂ ಬರೆದಿರಲಿಲ್ಲ. ಒಂಬತ್ತು ಪಾದದ ಹಾಸ್ಯ ನಮ್ಮ ಅಡಿಗೆಮನೆಯಿಂದ ಹೊರಗೆ ಹೋಗಿದ್ದು ಆ ಒಂದು ಕಾಗದದಲ್ಲಿ ಮಾತ್ರ. ಇಷ್ಟಾದರೂ ನನ್ನ ಮನಸ್ಸು ನಿಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಅದಕ್ಕೇ ಹೋದ ವಾರ ಇನ್ನೊಂದು ಕಾಗದ ಬರೆದೆ. ಚೋಮನನ್ನು ಸೋಮವಾರ ಬೆಳಿಗ್ಗೆ ಹಾರಂಗಿ ದಾಟಿಸಿ, ಫ್ರೇಜರ್‌ಪೇಟೆಯ ದಾರಿಯಲ್ಲಿ ಮಡಿಕೇರಿಗೆ ಕರೆತರುತ್ತಾರೆ ಎಂದು. ಅದು ಸುಳ್ಳು. ಚೋಮ ಹದಿನೈದು ದಿನದಿಂದ ನಮ್ಮ ಸೌದೆ ಕೊಟ್ಟಿಗೆಯಲ್ಲಿದ್ದ, ನನ್ನ ಕೈಯ ರೊಟ್ಟಿ ತಿನ್ನುತ್ತಿದ್ದ. ಊಟ ಕೊಟ್ಟು ಬರುತ್ತಿದ್ದವಳು ನಾನು ಅನುಮಾನಪಟ್ಟ ಮುದ್ದಿಯೇ. ಆ ಸುಳ್ಳನ್ನು ನಿಮಗಲ್ಲದೆ ಮತ್ತೊಬ್ಬರಿಗೆ ಹೇಳಲಿಲ್ಲ. ಹೊಳೆಯ ಬಳಿ ಕಾಯಬೇಕು ಎಂದು ಇನ್‌ಸ್ಪೆಕ್ಟರ್ ಉತ್ತಯ್ಯನವರಿಗೆ ಹೇಳಿದೆ, ಯಾಕೆಂದು ಹೇಳಲಿಲ್ಲ. ಸೋಮವಾರ ಅಲ್ಲಿ ಕತ್ತಿ ಹಿಡಿದ ಮೂವರು ಸಿಕ್ಕರು. ಅವರ ಗಾಡಿಯಲ್ಲಿ ನಿಮ್ಮ ಕಾಫಿ ಮಂಡಿಯ ಗುರುತಿದ್ದ ಖಾಲಿ ಚೀಲಗಳಿದ್ದವು. ಕದ್ದ ಕಾಫಿ ಕುಟ್ಟ ದಾಟಿ ಮಲಬಾರಿಗೆ ಹೋಯಿತು ಎಂದು ಎರಡು ವರ್ಷ ಎಲ್ಲರೂ ದಕ್ಷಿಣಕ್ಕೆ ನೋಡಿದರು. ಅದು ಉತ್ತರಕ್ಕೆ, ನನ್ನ ತಂಗಿಯ ಮನೆಗೆ ಬರುತ್ತಿತ್ತು.

ನೀವು ಆಸೆಗೆ ಬಿದ್ದಿರೋ, ಅವರ ಹೆದರಿಕೆಗೆ ಬಿದ್ದಿರೋ ನನಗೆ ಗೊತ್ತಿಲ್ಲ. ಹೆದರಿಕೆಯಾಗಿರಲಿ ಎಂದು ಲಿಂಗಪೂಜೆಯ ಹೊತ್ತಿನಲ್ಲಿ ಬೇಡಿಕೊಂಡಿದ್ದೇನೆ. ಹೆದರಿಕೆ ಏನೆಂಬುದು ಈ ತಿಂಗಳು ನಮಗೂ ಗೊತ್ತಾಗಿದೆ. ನಿಮ್ಮ ಹೆಸರನ್ನು ನಾನಿನ್ನೂ ನನ್ನ ಗಂಡನಿಗೆ ಹೇಳಿಲ್ಲ. ಹೇಳಿದರೆ ಅವರು ಷಡ್ಡಕನೆಂದು ಬಿಡುವವರಲ್ಲ. ಉತ್ತಯ್ಯನವರು ಆ ಚೀಲಗಳ ಹಿಂದೆ ಶುಕ್ರವಾರ ನಿಮ್ಮೂರಿಗೆ ಹೊರಡುತ್ತಾರೆ. ಅದಕ್ಕೆ ಮುಂಚೆ ನೀವಾಗಿ ಮಡಿಕೇರಿಗೆ ಬಂದು ಬಾಯಿ ಬಿಟ್ಟರೆ ಸಾಕ್ಷಿಯಾಗುತ್ತೀರಿ. ಅವರು ಬಂದು ಬಾಗಿಲು ತಟ್ಟಿದರೆ ಅಪರಾಧಿಯಾಗುತ್ತೀರಿ. ಬೀರ ಬಂದಿರುವುದು ದಾರಿಗೆ ಜೊತೆಯಾಗಲು.

ಇನ್ನೊಂದು ಮಾತು. ಈ ಕಾಗದದಲ್ಲಿ ಇರುವುದನ್ನೆಲ್ಲ, ಈ ತಾ. ಕ. ಸಮೇತ, ಮುದ್ದಿಗೆ ಮೂರು ಸಲ ಓದಿ ಹೇಳಿ ಕಳಿಸಿದ್ದೇನೆ. ನಿಮ್ಮ ಕೈಗೆ ಕೊಡುವ ಮೊದಲು ಅವಳು ನನ್ನ ತಂಗಿಯನ್ನು ಬಾವಿಯ ಬಳಿಗೆ ಕರೆದು ಎಲ್ಲವನ್ನೂ ಬಾಯಲ್ಲೇ ಒಪ್ಪಿಸಿದ್ದಾಳೆ. ಗುಂಡಿಗೆ ಪಾದದ ಅಳತೆ ಕೊಟ್ಟ ಚಪ್ಪಲಿ ಬಾಗಿಲ ಹಿಂದೆ ಇದೆಯೋ ಇಲ್ಲವೋ ಎಂದು ನೋಡಿಯೇ ಗುರುಸಿದ್ದಿ ನಿಮ್ಮೆದುರು ಬಂದು ಕೂತಿರುವುದು. ನೀವು ಇದುವರೆಗೆ ಓದಿದ್ದರಲ್ಲಿ ಅವಳಿಗೆ ಹೊಸದೇನೂ ಇಲ್ಲ. ತನ್ನ ಗಂಡ ಎಲ್ಲಿ ಓದು ನಿಲ್ಲಿಸುತ್ತಾನೆ ಎಂಬುದನ್ನು ತಿಳಿಯಲು ಮಾತ್ರ ಅವಳು ಹೂಂಗುಟ್ಟುತ್ತಿದ್ದಾಳೆ.

ಅರಿಸಿನದ ಗುರುತು ಇನ್ನೂ ಒಂದು ಸಾಲು ಕೆಳಗಿದೆ. ಅವಳ ಕಣ್ಣು ಅದರ ಮೇಲೆಯೇ ಇದೆ. ಓದಿ.